ಚಾಚಾ ಕಂಡ ಹಸಿರು ಗೆರೆ

ಏನು ಕೆಟ್ಟರೂ ತಪ್ಪು ಬೇರೆಯವರದು ಎಂಬುದು ನಮ್ಮ ಚಾಚಾರ ಜೀವನಸಿದ್ಧಾಂತವಾಗಿತ್ತು. ಫೋಟೋ ಮಸುಕಾಗಿ ಬಂದರೆ ಕ್ಯಾಮರಾ ಹಿಡಿದವನ ಕೈ ನಡುಗಿದೆ. ಕ್ಯಾಮರಾ ಹಿಡಿದವರು ಅವರೇ ಆಗಿದ್ದರೆ ಮದುಮಗ ಅಲುಗಾಡಿದ್ದಾನೆ. ಮದುಮಗ ಕಲ್ಲಿನ ಹಾಗೆ ನಿಂತಿದ್ದನೆಂದು ಹತ್ತು ಜನ ಸಾಕ್ಷಿ ಹೇಳಿದರೆ, ಹಳಿಯಾಳದ ಆ ಕಲ್ಯಾಣಮಂಟಪದ ನೆಲವೇ ಸರಿಯಿಲ್ಲ, ಜನರೇಟರ್ ಹಚ್ಚಿದರೆ ನಡುಗುತ್ತದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಚಾಚಾರಿಗೆ ಕುಣಿಯಲು ಚೆನ್ನಾಗಿಯೇ ಬರುತ್ತಿತ್ತು. ಆದರೂ ನೆಲ ಮಾತ್ರ ಯಾವತ್ತೂ ಡೊಂಕೇ.

ಅಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ ತಪ್ಪು ತಮ್ಮದೇ ಎಂದು ನಂಬಿದರು. ಆ ಸಲ ತಪ್ಪು ನಿಜವಾಗಿಯೂ ಬೇರೆ ಕಡೆ ಇತ್ತು. ಹೋದ ತಿಂಗಳು ಅವರನ್ನು ಮಣ್ಣು ಮಾಡಿ ಬಂದಾಗಿನಿಂದ ನನಗೆ ಆ ಕಥೆ ಬಿಟ್ಟು ಬೇರೆ ನೆನಪಾಗುತ್ತಿಲ್ಲ. ನೆನಪಾದಾಗ ನಗುವೂ ಬರುತ್ತದೆ.

ದಾಂಡೇಲಿ ಪೇಟೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ. ಅಪ್ಪ ತೀರಿಕೊಂಡಾಗ ನನ್ನ ಪಾಲಿಗೆ ಬಂದದ್ದು ಕಾಶ್ಮೀರದ ಸರೋವರ ಬರೆದ ಒಂದು ಹಿನ್ನೆಲೆ ಬಟ್ಟೆ, ಫೋಟೋ ದೊಡ್ಡದು ಮಾಡುವ, ತುಕ್ಕು ಹಿಡಿದ ಒಂದು ಎನ್ಲಾರ್ಜರ್ ಮತ್ತು ಅಪ್ಪನ ಕಾಲದಿಂದ ಕೆಲಸಕ್ಕಿದ್ದ ಚಾಚಾ. ಮೊದಲಿನ ಎರಡನ್ನು ಗುಜರಿಯವನು ಒಯ್ದ. ಚಾಚಾ ಉಳಿದರು. ನಾನು ಹುಟ್ಟುವ ಮೊದಲೇ ಅವರು ಅಲ್ಲಿದ್ದರಾದ್ದರಿಂದ ಅವರ ಪ್ರಕಾರ ಸ್ಟುಡಿಯೋಕ್ಕೆ ಹೊಸದಾಗಿ ಸೇರಿದವನು ನಾನು. ನನ್ನನ್ನು "ಸಣ್ಣ ಮಾಲಕ್ರ" ಎಂದು ಬಹುವಚನದಲ್ಲಿಯೇ ಕರೆಯುತ್ತಿದ್ದರು. ಆ 'ಸಣ್ಣ'ದ ಮೇಲೆ ಮಾತ್ರ ಒತ್ತು ಸ್ವಲ್ಪ ಹೆಚ್ಚಿರುತ್ತಿತ್ತು.

ತೆಳ್ಳಗಿನ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಹೆಂದಿ ಹಚ್ಚಿದ ಗಡ್ಡ, ಬಲಗಿವಿಯ ಮೇಲೊಂದು ಪೆನ್ಸಿಲ್. ಆ ಪೆನ್ಸಿಲ್ ನೆಗೆಟಿವ್ ಕಾಲದ್ದು. ನೆಗೆಟಿವಿನ ಮೇಲೆ ಸಣ್ಣ ಮೊನೆಯಿಂದ ಗೀಚಿ ಮೊಡವೆ, ಸಿಡುಬಿನ ಕಲೆ, ಕಣ್ಣಡಿಯ ಕಪ್ಪು ತೆಗೆಯುವ ಕೆಲಸಕ್ಕೆ ನಮ್ಮ ಧಂದೆಯಲ್ಲಿ ಟಚಿಂಗ್ ಎನ್ನುತ್ತಾರೆ. ಚಾಚಾ ಟಚಿಂಗ್ ಮಾಡಿದ ಮೇಲೆ ಮೊಡವೆ ಎಲ್ಲಿತ್ತೆಂದು ಮೊಡವೆಯವನಿಗೇ ಮರೆತುಹೋಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಪೆನ್ಸಿಲಿಗೆ ಕೆಲಸ ಉಳಿಯಲಿಲ್ಲ, ಆದರೆ ಕಿವಿ ಅದನ್ನು ಬಿಡಲಿಲ್ಲ.

ನನಗೆ ಟಚಿಂಗ್ ಕಲಿಸಬೇಕೆಂದು ಅವರು ಬಹಳ ಪ್ರಯತ್ನಪಟ್ಟರು. ನಾನು ತಿದ್ದಿದ ಮುಖವನ್ನು ದೂರ ಹಿಡಿದು ನೋಡಿ, "ಟಚಿಂಗ್ ಮಾಡಿದ್ದು ಕಾಣಬಾರ್ದ್ರಿ. ಕಂಡರ ಅದು ಟಚಿಂಗ್ ಅಲ್ಲ, ಗ್ವಾಡಿಗೆ ಸುಣ್ಣಾ ಬಳದಂಗ," ಎನ್ನುತ್ತಿದ್ದರು. ಆಮೇಲೆ ಸಮಾಧಾನಕ್ಕೆಂದು, "ನಿಮ್ಮ ತಪ್ಪಲ್ಲ ಬಿಡ್ರಿ, ನಿಮ್ಮಪ್ಪ ನಿಮ್ಮನ್ನ ಕಾಲೇಜಿಗೆ ಕಳಿಸಿದ್ದ ತಪ್ಪು," ಎಂದು ತಪ್ಪನ್ನು ನಮ್ಮಪ್ಪನ ಫೋಟೋದ ಕಡೆಗೆ ದಾಟಿಸುತ್ತಿದ್ದರು. ಹಾರ ಹಾಕಿಸಿಕೊಂಡ ಅಪ್ಪ ಎದುರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಮಾತಾಡುವಾಗ ಅವರು ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ಬೆಳಕು ಬಿದ್ದ ಕೆನ್ನೆ ನೋಡುತ್ತಿದ್ದರು. ಮನಸ್ಸಿಗೆ ಬಂದರೆ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಯೇ ಬಿಡುತ್ತಿದ್ದರು. ನಮ್ಮ ಹತ್ತಿರದ ರಾಮನಗರದ ಒಬ್ಬ ದೊಡ್ಡ ವ್ಯಾಪಾರಿಯ ಗದ್ದ ಹಿಡಿದು ನಮ್ಮ ಒಂದು ಮದುವೆಯ ಆರ್ಡರು ಹೋಯಿತು. ಇನ್ನೊಂದು ಗದ್ದ ಹಿಡಿದು ಒಂದು ಊರೇ ನಮ್ಮ ಗಿರಾಕಿಯಾಯಿತು. ಅದು ಹಳಿಯಾಳ ಕಡೆಯ ಹಳ್ಳಿಯೊಂದರ ಸಿದ್ದಿ ಜನಾಂಗದ ಹಿರಿಯರೊಬ್ಬರ ಗದ್ದ. ಮಗಳ ಮದುವೆಯ ಆಲ್ಬಮ್ಮನ್ನು ಬೇರೆಲ್ಲೋ ಮಾಡಿಸಿ ಕಂಕುಳಲ್ಲಿ ಹಿಡಿದುಕೊಂಡು ಬಂದಿದ್ದರು. ಅದನ್ನು ಕೌಂಟರಿನ ಮೇಲಿಟ್ಟು, "ಇದು ನನ್ನ ಮಗಳಲ್ಲರಿ. ಇಷ್ಟ ಬೆಳ್ಳಗಿನಾಕಿ ನಮ್ಮ ಮನ್ಯಾಗ ಯಾರೂ ಇಲ್ಲ," ಎಂದರು. ಮಾಡಿದವನು ಅಭ್ಯಾಸಬಲದಿಂದ ಎಲ್ಲ ಮದುಮಕ್ಕಳಿಗೂ ಬಳಿಯುವ ಬಿಳಿಯನ್ನೇ ಇವಳಿಗೂ ಬಳಿದಿದ್ದ. ಚಾಚಾ ಆ ಹಿರಿಯರನ್ನು ಬಾಗಿಲಿಗೆ ಕರೆದೊಯ್ದು, ಗದ್ದ ಹಿಡಿದು, ಬಿಸಿಲಿನಲ್ಲಿ ಆ ಕಡೆ ಈ ಕಡೆ ತಿರುಗಿಸಿ ಬಣ್ಣ ನೋಡಿಕೊಂಡರು. "ಕರೇ ಬಣ್ಣದಾಗ ಎಷ್ಟ ಬಣ್ಣ ಅದಾವ ಅನ್ನೂದು ಅವಗ ಗೊತ್ತಿಲ್ಲ ಪಾಪ. ಕೆಂಪೈತಿ, ನೀಲಿ ಐತಿ, ಜೇನಿನ ಬಣ್ಣನೂ ಐತಿ," ಎಂದರು. ಹೊಸ ಆಲ್ಬಮ್ ಬಂದ ದಿನ ಆ ಹಿರಿಯರು ಮೊದಲ ಪುಟ ತೆರೆದವರು, ನಾವು ತರಿಸಿದ ಚಹಾ ಆರಿಹೋಗುವವರೆಗೂ ಎರಡನೆಯ ಪುಟಕ್ಕೆ ಹೋಗಲಿಲ್ಲ. ಚಾಚಾರ ಇಡೀ ಬಂಡವಾಳ ಆ ಎರಡು ಕಣ್ಣುಗಳು. ಅದು ಅವರಿಗೂ ಗೊತ್ತಿತ್ತು.

ಈಗ ಪರದೆಯ ಮಾತು ಹೇಳಬೇಕು. ಡಾರ್ಕ್ ರೂಮಿನ ಕಾಲದಲ್ಲಿ ಒಳಕೋಣೆಗೆ ಎರಡು ಪದರಿನ ಕರಿ ಪರದೆ ಇತ್ತು. ಒಳಗೆ ಕಾಗದ ತೊಳೆಯುವಾಗ ಯಾರಾದರೂ ಪರದೆ ಸರಿಸಿದರೆ ಬೆಳಕು ಬಿದ್ದು ಎಲ್ಲ ಹಾಳು. ಡಾರ್ಕ್ ರೂಮ್ ಹೋಗಿ ಅದೇ ಕೋಣೆಗೆ ಕಂಪ್ಯೂಟರ್ ಬಂತು. ಪರದೆ ಹೋಗಲಿಲ್ಲ. ಕಂಪ್ಯೂಟರಿಗೆ ಬೆಳಕು ಬಿದ್ದರೆ ಏನೂ ಆಗುವುದಿಲ್ಲ ಎಂದು ನಾನು ಹೇಳಿ ನೋಡಿದೆ. "ಅರ್ಧಾ ಬೆಂದ ಅನ್ನದ ಗಡಿಗಿ ಮುಚ್ಚಳಾ ತಗದು ನೋಡಬಾರದು," ಎಂದರು. ಆಲ್ಬಮ್ ಮುಗಿಯುವವರೆಗೆ ಯಾರೂ ಅವರ ಸ್ಕ್ರೀನ್ ನೋಡುವಂತಿಲ್ಲ. ನಾನೂ ಇಲ್ಲ, ಗಿರಾಕಿಯೂ ಇಲ್ಲ. ಯಾರಾದರೂ ಪರದೆಯ ಹತ್ತಿರ ಸುಳಿದರೆ ಒಳಗಿನಿಂದ ಕೆಮ್ಮು ಬರುತ್ತಿತ್ತು. ಪರದೆಗೆ ಕೈ ಹಚ್ಚಿದರೆ ಸ್ಕ್ರೀನೇ ಆರುತ್ತಿತ್ತು.

ಆ ಕೋಣೆಗೆ ಕಿಟಕಿ ಇಲ್ಲ. ಗುರುವಾರ ಸಂಜೆ ಚಾಚಾ ಕೆಂಡದ ಮೇಲೆ ಲೋಬಾನ ಹಾಕಿ ಕ್ಯಾಮರಾಗಳಿಗೆ, ಗಲ್ಲಾಪೆಟ್ಟಿಗೆಗೆ, ಅಪ್ಪನ ಫೋಟೋಕ್ಕೆ ಹೊಗೆ ತೋರಿಸಿ, ಕೊನೆಗೆ ಹೊಗೆಯ ಬಟ್ಟಲನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಪರದೆ ಎಳೆದು ಮನೆಗೆ ಹೋಗುತ್ತಿದ್ದರು. ಕಂಪ್ಯೂಟರಿಗೆ ದೃಷ್ಟಿ ತಾಗಬಾರದಲ್ಲ. ಅವರಷ್ಟು ಪ್ರೀತಿಯಿಂದ ಯಂತ್ರವನ್ನು ಸಾಕಿದವರನ್ನು ನಾನು ನೋಡಿಲ್ಲ. ಕೆಲವರು ಮಕ್ಕಳಿಗೆ ಬೇಸಿಗೆಯಲ್ಲೂ ಕುಲಾವಿ ಕಟ್ಟುತ್ತಾರಲ್ಲ, ಅಂಥ ಪ್ರೀತಿ.

ಒಂದು ವರ್ಷ ಲಗ್ನದ ದಿನಗಳಲ್ಲಿ ಆಲ್ಬಮ್‌ಗಳು ತಡವಾಗತೊಡಗಿದವು. ಕೆಲಸ ಕೆಟ್ಟಿರಲಿಲ್ಲ, ಹುಬ್ಬಳ್ಳಿಯ ಲ್ಯಾಬಿನಿಂದ ಅಚ್ಚಾಗಿ ಬಂದ ಪುಟಗಳು ಎಂದಿನಂತೆ ಅಚ್ಚುಕಟ್ಟಾಗಿಯೇ ಇದ್ದವು. ಬರುವುದು ಮಾತ್ರ ತಡ. ಗಣೇಶಗುಡಿಯ ಒಬ್ಬ ಮದುಮಗ, "ನಮಗ ಮಗಾ ಹುಟ್ಟಿದ ಮ್ಯಾಲ ಕೊಡವ್ರೇನು?" ಎಂದು ಕೇಳಿದ. ನಾನು ಚಾಚಾರನ್ನು ಕೇಳಿದೆ. ಕರೆಂಟ್ ಹೋಗಿತ್ತು ಎಂದರು. ಮತ್ತೊಮ್ಮೆ ಕೇಳಿದೆ. ಫೋಟೋ ತೆಗೆದವನು ಸಾವಿರಗಟ್ಟಲೆ ತೆಗೆದಿದ್ದಾನೆ ಎಂದರು. ಇಷ್ಟಾದರೂ ಒಂದು ವಿಷಯ ನನ್ನ ಗಮನಕ್ಕೆ ಬಂತು: ತಪ್ಪನ್ನು ಬೇರೆಯವರ ಮೇಲೆ ಹಾಕುವಾಗ ಅವರ ದನಿಯಲ್ಲಿ ಮೊದಲಿನ ಉತ್ಸಾಹ ಇರಲಿಲ್ಲ.

ಆಮೇಲೆ ಅವರು ಹುಬ್ಬಳ್ಳಿಯ ಬಸ್ಸು ಹತ್ತುವುದು ಶುರುವಾಯಿತು. ಯಾಕೆ ಎಂದು ಕೇಳಿದರೆ ಸಂಬಂಧಿಕರಿದ್ದಾರೆ ಎಂದರು. ಮುಂಡಗೋಡದ ಮಗಳ ಮನೆಗೆಂದು ಒಂದಷ್ಟು ದಿನ ರಜೆ ಹಾಕಿದರು. ಬರುವಾಗ ಮುಖದ ತುಂಬ ಕರಿ ಗಾಗಲ್ ಹಾಕಿಕೊಂಡು ಬಂದರು. "ಏನು ಚಾಚಾ, ಹೀರೋ ಆಗೀರಲ್ಲ," ಎಂದೆ. "ಮುಂಡಗೋಡದಾಗ ಧೂಳು ಭಾಳ್ರಿ," ಎಂದರು. ಹಳಿಯಾಳದಲ್ಲಿ ಹೊಸದಾಗಿ ಒಂದು ದೊಡ್ಡ ಸ್ಟುಡಿಯೋ ತೆರೆದಿತ್ತು. ಅವರು ಚಾಚಾರನ್ನು ಎಳೆದುಕೊಳ್ಳುತ್ತಿದ್ದಾರೆ, ಗಾಗಲ್ ಅವರೇ ಕೊಡಿಸಿದ್ದು ಎಂದು ನಾನು ರೋಗನಿದಾನ ಮಾಡಿಕೊಂಡೆ. ನನ್ನ ಬುದ್ಧಿಶಕ್ತಿಯ ಬಗ್ಗೆ ಅಪ್ಪನಿಗಿದ್ದ ಅನುಮಾನ ಸುಳ್ಳಲ್ಲ.

ಒಂದು ಮಧ್ಯಾಹ್ನ ಚಾಚಾ ಪರದೆ ಸರಿಸಿ ಹೊರಗೆ ಬಂದು ನನ್ನ ಕೌಂಟರಿನ ಮುಂದೆ ನಿಂತರು. ಒಳಕೋಣೆಯ ಬೀಗದ ಕೈಯನ್ನು ಗಾಜಿನ ಮೇಲಿಟ್ಟರು.

"ಸಾಕ್ರಿ ಸಣ್ಣ ಮಾಲಕ್ರ. ನಾ ಇನ್ನ ಬರಂಗಿಲ್ಲ."

"ಹಳಿಯಾಳದವ್ರು ಕರದಾರೇನು?"

"ಹಳಿಯಾಳದವ್ರು ಕುರುಡನ್ನ ತಗೊಂಡು ಏನ ಮಾಡ್ತಾರ್ರಿ?"

ಅವರನ್ನು ಕೂರಿಸಿದೆ. ನಿಧಾನವಾಗಿ ಎಲ್ಲ ಹೇಳಿದರು. ಬೇಸಿಗೆಯಿಂದ ಕಣ್ಣಿಗೆ ಏನೋ ಆಗಿದೆ. ಮುಂಜಾನೆ ಕೂತಾಗ ಎಲ್ಲ ನೆಟ್ಟಗಿರುತ್ತದೆ. ಮಧ್ಯಾಹ್ನ ಊರಿನ ಕಾಗದ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಮದುಮಗಳ ಮುಖದ ಮೇಲೆ ಹಸಿರು ಗೆರೆ ಏಳುತ್ತವೆ. ಮೊದಲು ಒಂದೊಂದು ಬರುತ್ತಿದ್ದವು, ಈಗ ಚಾಪೆ ಹಾಸಿದಂತೆ ಬರುತ್ತವೆ. ಯಂತ್ರ ಬಂದ್ ಮಾಡಿ ಕಣ್ಣು ಮುಚ್ಚಿ ಒಂದು ತಾಸು ಒರಗಿದರೆ ಹೋಗುತ್ತವೆ, ಮತ್ತೆ ಬರುತ್ತವೆ. ಮಳೆ ಬಿದ್ದ ದಿನ ಕಡಿಮೆ, ಬಿಸಿಲಿನ ದಿನ ಹೆಚ್ಚು. ಊರಿನ ಹಕೀಮರು ಕೇಳಿದ ತಕ್ಷಣ "ಇದು ಉಷ್ಣ" ಎಂದರು. ಚಾಚಿ ತಲೆಗೆ ಹರಳೆಣ್ಣೆ ತಿಕ್ಕಿದರು, ಸಬ್ಜಾ ಬೀಜ ನೆನೆಸಿ ಕುಡಿಸಿದರು, ಮನೆಯಲ್ಲಿ ಮೊಟ್ಟೆ ಬಂದ್ ಮಾಡಿದರು. ಗೆರೆ ಬಂದ್ ಆಗಲಿಲ್ಲ. ಕನ್ನಡಕ ಬದಲಿಸಿದರು, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಹೋದರು. ಡಾಕ್ಟರು ದೀಪ ಹಿಡಿದು ನೋಡಿ, ವಯಸ್ಸಿಗೆ ತಕ್ಕಂತೆ ಪೊರೆ ಬಂದಿದೆ, ತೆಗೆಯೋಣ ಎಂದರು. ಪೊರೆ ಇದ್ದದ್ದೇನೂ ಸುಳ್ಳಲ್ಲ. ಎಡಗಣ್ಣಿಗೆ ಆಪರೇಶನ್ ಆಯಿತು. ಗಾಗಲ್ ಅದರದ್ದು.

"ಆಮ್ಯಾಲ?" ಎಂದೆ.

"ಆಮ್ಯಾಲ ಏನ್ರಿ, ಗೆರಿ ಇನ್ನೂ ಚಂದ ಕಾಣ್ತಾವ. ಮೊದಲ ಬರೇ ಹಸರು ಅಂತ ತಿಳದಿದ್ದೆ. ನಡುವ ಗುಲಾಬಿನೂ ಐತಿ ಅನ್ನೂದು ಆಪರೇಶನ್ ಆದಮ್ಯಾಲ ತಿಳೀತು."

ಇದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ. ಇಷ್ಟು ದಿನ ಬಣ್ಣ ಕಾಣದೆಯೇ, ಬರೀ ನೆನಪಿನ ಮೇಲೆ ಮುಖಗಳನ್ನು ತಿದ್ದಿದ್ದರು. ಪ್ರತಿ ಸಲ ಅಚ್ಚಾದ ಪುಟ ಬರುವವರೆಗೆ ಊಟ ಸೇರುತ್ತಿರಲಿಲ್ಲವಂತೆ. "ಇಷ್ಟ ದಿನ ಅಲ್ಲಾ ಮರ್ಯಾದಿ ಉಳಿಸ್ಯಾನ. ಇನ್ನ ಯಾರರ ಮಗಳ ಮಾರಿ ಕೆಡಸೂದಕ್ಕಿಂತ ಮೊದಲ ಎದ್ದ ಹೋಗತೇನಿ," ಎಂದರು. ನಾನು ಎದ್ದು ಹೋಗಿ ಪರದೆ ಸರಿಸಿದೆ. ಒಳಗೆ ಹಬೆಯಾಡುವ ಹಾಗೆ ಸೆಕೆ. ಚಾಚಾ ದುಃಖದಲ್ಲಿ ಸ್ಕ್ರೀನ್ ಆರಿಸುವುದನ್ನು ಮರೆತಿದ್ದರು. ಅವರ ಖುರ್ಚಿಯಲ್ಲಿ ಕೂತೆ. ರಾಮನಗರದ ಮದುಮಗಳೊಬ್ಬಳು ಹಣೆಯಿಂದ ಗದ್ದದವರೆಗೆ ಹಸಿರು ಗೆರೆ, ಚೌಕ, ನಡುನಡುವೆ ಗುಲಾಬಿ ಚುಕ್ಕೆ ಹೊತ್ತುಕೊಂಡು ನನ್ನನ್ನು ನೋಡಿ ನಗುತ್ತಿದ್ದಳು.

"ಚಾಚಾ," ಎಂದೆ, "ನನಗೂ ಕಾಣ್ತಾವ."

ಚಾಚಾ ಎರಡು ಹೆಜ್ಜೆ ಹಿಂದೆ ಸರಿದರು. "ಯಾ ಅಲ್ಲಾ. ನಿಮಗೂ ಹತ್ತಿತೇನು? ಇದು ಹತ್ತೂ ಬ್ಯಾನಿ ಅಂತ ಡಾಕ್ಟರ್ ಹೇಳಿದ್ದಿಲ್ಲ."

ನನ್ನ ಮಾತನ್ನು ನಂಬಲು ಅವರು ತಯಾರಿರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಕೊನೆಗೆ ತಾವೇ ಓಡಿಹೋಗಿ ಎದುರಿನ ಚಹಾದಂಗಡಿಯವನನ್ನು ಕೈ ಹಿಡಿದು ಎಳೆತಂದರು. ಆ ಪರದೆಯೊಳಗೆ ಹೊರಗಿನವನೊಬ್ಬ ಕಾಲಿಟ್ಟದ್ದು ಅದೇ ಮೊದಲು. "ಏನ ಕಾಣ್ತೈತಿ? ಖರೇ ಹೇಳು," ಎಂದರು. ಅವನು ಬಗ್ಗಿ ನೋಡಿ, "ಪಾಪ, ಆಕಿಗೆ ಯಾಕ ಹಸರು ಬಣ್ಣಾ ಬಡದೀರಿ?" ಎಂದ. ಚಾಚಾ ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಎರಡೂ ಕೆನ್ನೆ ಸವರಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕಂಪ್ಯೂಟರ್ ರಿಪೇರಿಯವನು ಬಂದ. ಮೊದಲು ಕೇಬಲ್ ಬದಲಿಸಿದ, ಗೆರೆ ಹೋಗಲಿಲ್ಲ. ಕೌಂಟರಿನ ಮಾನಿಟರ್ ತಂದು ಜೋಡಿಸಿದ, ಗೆರೆ ಅದರೊಳಗೂ ಬಂತು. ಡಬ್ಬಿ ಬಿಚ್ಚಿ, ಸ್ಕ್ರೀನಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊರಗೆ ತೆಗೆದು, ಕೇಬಲನ್ನು ಯಂತ್ರದ ಸ್ವಂತ ಕಿಂಡಿಗೆ ಸಿಕ್ಕಿಸಿದ. ಮದುಮಗಳು ತೊಳೆದ ಹಾಗೆ ಸ್ವಚ್ಛವಾಗಿ ನಿಂತಳು. ಚಾಚಾ ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಕನ್ನಡಕ, ಹರಳೆಣ್ಣೆ, ಹುಬ್ಬಳ್ಳಿ ಎಂದು ತಾವೂ ಹೀಗೆಯೇ ಒಂದೊಂದಾಗಿ ಬದಲಿಸುತ್ತ ಹೋಗಿದ್ದು ನೆನಪಾದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಹಕೀಮರು ಹೇಳಿದ್ದೂ ಅಕ್ಷರಶಃ ನಿಜವಾಗಿತ್ತು: ಉಷ್ಣವೇ. ರೋಗ ಸರಿಯಾಗಿ ಹಿಡಿದಿದ್ದರು, ರೋಗಿ ಮಾತ್ರ ತಪ್ಪಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮಲ್ಲಿ ಎಮ್ಮೆ ತಾನಾಗಿಯೇ ಬಸ್ಸು ಹತ್ತಿ ಹೋಗಿ ಬರೆ ಹಾಕಿಸಿಕೊಂಡು ಬಂದಿತ್ತು.

ರಿಪೇರಿಯವನು ಕಾರ್ಡಿನ ಫ್ಯಾನನ್ನು ಬೆಳಕಿಗೆ ಹಿಡಿದ. ಕರಿ ಪರದೆಯಿಂದ ಉದುರಿದ ನೂಲಿನ ಎಳೆ, ವರ್ಷಗಟ್ಟಲೆಯ ಲೋಬಾನದ ಜಿಗುಟು ಎರಡೂ ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡು ಫ್ಯಾನು ತಿರುಗುವುದನ್ನೇ ಬಿಟ್ಟಿತ್ತು.

"ಇದು ಉಸರು ಕಟ್ಟಿ ಸುಟ್ಟೈತಿ," ಎಂದ ಅವನು. "ಯಾರ್ರೀ ಇದಕ್ಕ ಇಷ್ಟ ಹೊಗಿ ಹಾಕಿದವ್ರು?"

ಚಾಚಾ ಗಂಟಲು ಸರಿಮಾಡಿಕೊಂಡು, "ಈಗಿನ ಲೋಬಾನ ಚಲೋ ಬರೂದಿಲ್ರಿ. ಮಾರವ್ರು ಭಾಳ ಕಲಬೆರಕಿ ಮಾಡ್ತಾರ," ಎಂದರು. ಅದನ್ನು ಕೇಳಿ ನನಗಾದ ಸಂತೋಷ ಹೇಳತೀರದು. ನಮ್ಮ ಚಾಚಾ ವಾಪಸ್ ಬಂದಿದ್ದರು.

ಫ್ಯಾನು ಒರೆಸಿ, ಕಾರ್ಡಿಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿ, ಅದೇ ಕಾರ್ಡನ್ನು ಹಾಕಿ ನೋಡಿದ್ದಾಯಿತು. ನಾಲ್ಕಾರು ಮದುವೆಗಳವರೆಗೆ ಬದುಕಿತು. ಒಂದು ದಿನ ಒಳಗಿನಿಂದ "ಬಂದ್ವು, ಬಂದ್ವು, ಬರ್ರಿ ನೋಡ್ರಿ," ಎಂದು ಚಾಚಾ ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ಮೊಮ್ಮಗ ಹುಟ್ಟಿದಾಗಲೂ ಅಷ್ಟು ಖುಷಿಯಿಂದ ಕೂಗಿರಲಿಕ್ಕಿಲ್ಲ. ಗೆರೆ ಕಂಡರೂ ಕಣ್ಣು ಚೆನ್ನಾಗಿದೆ ಎಂಬುದೇ ಅವರಿಗೊಂದು ಹಬ್ಬ. ಹೊಸ ಕಾರ್ಡ್ ತರಿಸಿದೆ. ಸತ್ತ ಕಾರ್ಡನ್ನು ಚಾಚಾ ಕೇಳಿ ಪಡೆದುಕೊಂಡು ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಮೂತ್ರಕೋಶದ ಹರಳನ್ನು ಬಾಟಲಿಯಲ್ಲಿಟ್ಟು ಬಂದವರಿಗೆ ತೋರಿಸುವ ಹಿರಿಯರಿರುತ್ತಾರಲ್ಲ, ಹಾಗೆ ಅದನ್ನು ತೆಗೆದು, "ನನ್ನ ಕಣ್ಣಾಗ ಇದ್ದದ್ದು ಇದು," ಎಂದು ತೋರಿಸುತ್ತಿದ್ದರು.

ಪರದೆಯನ್ನು ತೆಗೆಯಲೇಬೇಕು, ಗಾಳಿ ಬೇಕು ಎಂದು ರಿಪೇರಿಯವನು ಪಟ್ಟುಹಿಡಿದ. "ಅದರ ಬದ್ಲಿ ನನ್ನ ತಗೀರಿ," ಎಂದು ಚಾಚಾ ಪಟ್ಟುಹಿಡಿದರು. ಪಂಚಾಯಿತಿ ನಡೆದು, ಪಕ್ಕದ ದರ್ಜಿ ಬಂದು ಪರದೆಯನ್ನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿ ಅಂಚು ಹೊಲಿದ. ಲೋಬಾನದ ಬಟ್ಟಲು ಬಾಗಿಲಲ್ಲೇ ನಿಲ್ಲಬೇಕೆಂದಾಯಿತು. ಅಂದಿನಿಂದ ಗಿರಾಕಿಗಳಿಗೆ ಚಾಚಾರ ಎರಡು ಪಾದ ಕಾಣುತ್ತಿದ್ದವು. ಪಾದ ತಾಳ ಹಾಕುತ್ತಿದ್ದರೆ ಆಲ್ಬಮ್ ಸಾಗುತ್ತಿದೆ. ಒಂದರ ಮೇಲೊಂದು ಕೂತಿದ್ದರೆ ಮದುಮಗನ ಮೂಗಿನ ಸಮಸ್ಯೆ. ಎರಡೂ ಅಲುಗಾಡದೆ ಇದ್ದರೆ ಕರೆಯಬಾರದು. ಪರದೆಯ ಹಿಂದೆ ಇಷ್ಟು ವರ್ಷ ಅಡಗಿಸಿಟ್ಟದ್ದನ್ನೆಲ್ಲ ಪಾದಗಳು ಹೇಳಿಬಿಡುತ್ತಿದ್ದವು, ಚಾಚಾರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಅತ್ತಿವೇರಿಯ ಕೆರೆಯ ದಂಡೆಯಲ್ಲಿ ಮದುವೆಗೆ ಮೊದಲೇ ಕೈ ಕೈ ಹಿಡಿದು ಓಡುವ ಫೋಟೋಗಳ ಕಾಲ ಬಂತು. ಚಾಚಾ "ತೋಬಾ" ಎನ್ನುತ್ತಲೇ ಅವನ್ನೂ ತಿದ್ದಿದರು. ಹೋದ ವರ್ಷ ಒಂದು ದಿನ ಪಾದಗಳು ಬಹಳ ಹೊತ್ತಿನಿಂದ ಅಲುಗಾಡದೆ ಇದ್ದವು. ಆಮೇಲೆ ಚಾಚಾ ಹೊರಗೆ ಬಂದರು.

"ಸಣ್ಣ ಮಾಲಕ್ರ, ಕಾರ್ಡ್ ಮತ್ತ ಹೋಗೇತಿ. ಈ ಸಲ ನಾ ಶಾಣ್ಯಾ ಆಗೇನಿ. ದವಾಖಾನಿಗೆ ಹೋಗಂಗಿಲ್ಲ, ನಿಮ್ಮ ಕಡೆನ ಬಂದೇನಿ. ಬರ್ರಿ, ನೋಡ್ರಿ."

ಈ ಸಲ ಪರದೆಯನ್ನು ತಾವೇ ಎತ್ತಿ ಹಿಡಿದರು. ನಾನು ಕೂತು ನೋಡಿದೆ. ಕೆರೆ, ಆಕಾಶ, ಹಕ್ಕಿ, ಹುಡುಗಿ. ಎಲ್ಲ ಸ್ವಚ್ಛ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಯಂತ್ರ ಮುಟ್ಟಿ ನೋಡಿದೆ, ತಣ್ಣಗಿತ್ತು. ಆದರೆ ಹುಡುಗಿಯ ಮೂಗುಬೊಟ್ಟು ಇರಬೇಕಾದಲ್ಲಿ ಬರೀ ಚರ್ಮ ಇತ್ತು. ಚಾಚಾ ಅದನ್ನು ಕಲೆ ಎಂದು ಒರೆಸಿಹಾಕಿದ್ದರು. ಅದನ್ನು ನೋಡಿದ ಮೇಲೆ ನನಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಚಾಚಾ ನನ್ನ ಹಿಂದೆ ನಿಂತಿದ್ದರು. "ಕಾಣ್ತಾವಲ್ರಿ?" ಎಂದರು.

ಹಿಂದಿನ ಸಲ ಬೀಗದ ಕೈ ಇಟ್ಟು ನಿಂತಿದ್ದಾಗಿನ ಅವರ ಮುಖ ನೆನಪಾಯಿತು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನ್ನಲ್ಲಿರಲಿಲ್ಲ.

"ಕಾಣ್ತಾವ ಚಾಚಾ," ಎಂದೆ.

"ಯಾವ ಬಣ್ಣ?"

"ಹಸರು. ಆವಾಗ ಇದ್ದಂಗ."

ಅವರು ಎತ್ತಿ ಹಿಡಿದಿದ್ದ ಪರದೆಯನ್ನು ಕೆಳಗೆ ಬಿಟ್ಟರು. "ಹೂಂ. ಹಸರ," ಎಂದರು.

ರಿಪೇರಿಯವನು ಬಂದು ಪರೀಕ್ಷಿಸಿ, ನನ್ನನ್ನು ಹೊರಗೆ ಕರೆದು, "ಕಾರ್ಡಿಗೆ ಏನೂ ಆಗಿಲ್ರಿ," ಎಂದ. "ಗೊತ್ತೈತಿ, ಹೊಸದು ಹಾಕು," ಎಂದೆ. ಅವನು ನನ್ನ ಮುಖ ನೋಡಿದ, ಪರದೆಯ ಕೆಳಗಿನ ಪಾದ ನೋಡಿದ, ಮರುಮಾತಾಡದೆ ಹೊಸ ಕಾರ್ಡ್ ಹಾಕಿ ಹೋದ. ಈ ಸಲ ಎಮ್ಮೆಗೆ ಜ್ವರ, ಬರೆ ಎತ್ತಿಗೆ. ನಾನು ಅತ್ತ ಮುಂಡಗೋಡದ ಮಗಳಿಗೆ ಗುಟ್ಟಾಗಿ ಫೋನು ಮಾಡಿ, ಅಬ್ಬಾನ ಕಣ್ಣು ಒಮ್ಮೆ ತೋರಿಸಮ್ಮಾ ಎಂದೆ. "ಹೂಂ ಅಣ್ಣಾ, ನಾ ನೋಡ್ತೇನಿ," ಎಂದಳು ಅವಳು. ದನಿಯಲ್ಲಿ ಆಶ್ಚರ್ಯ ಇರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಚಾಚಾ ಹೊಸ ಕಾರ್ಡಿನ ಮುಂದೆ ಒಂದಷ್ಟು ಹೊತ್ತು ಕೂತರು. ಪಾದಗಳು ತಾಳ ಹಾಕಿದವು. ಹೊರಗೆ ಬಂದು ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದರ ಪಕ್ಕದಲ್ಲಿಟ್ಟರು.

"ಭೇಷ್ ಆತ್ರಿ. ಮಶೀನ್ ಈಗ ಸ್ವಚ್ಛ ಐತಿ. ಇನ್ನ ಯಾರ ಕುಂತರೂ ನಡೀತೈತಿ. ನನಗೂ ವಯಸ್ಸಾತು, ಮೊಮ್ಮಕ್ಕಳ ಸಂಗಾಟ ಇರತೇನಿ."

ಎಷ್ಟು ಹೇಳಿದರೂ ನಿಲ್ಲಲಿಲ್ಲ. ತಲೆಯೆತ್ತಿಯೇ ಹೊರಟರು, ಬಾಗಿಲಲ್ಲಿ ನಿಂತು ಚಹಾದಂಗಡಿಯವನ ಗದ್ದ ಹಿಡಿದು ತಮಾಷೆ ಮಾಡಿ ಹೋದರು. ಅವರು ಹೋದದ್ದು ನನಗೆ ದುಃಖವಾದರೂ, ನನ್ನ ಸುಳ್ಳಿನ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಕಣ್ಣು ಹೋದವರಾಗಿ ಅಲ್ಲ, ಯಂತ್ರ ಸರಿಮಾಡಿಸಿಕೊಟ್ಟ ಮೇಸ್ತ್ರಿಯಾಗಿ ಅವರನ್ನು ಕಳಿಸಿದೆ ಎಂದುಕೊಂಡೆ. ಈ ಹೆಮ್ಮೆ ಹೋದ ತಿಂಗಳವರೆಗೆ ಇತ್ತು.

ಮಣ್ಣು ಮುಗಿದ ಮೇಲೆ ಅವರ ಮನೆಯ ಅಂಗಳದಲ್ಲಿ ಕೂತಿದ್ದೆವು. ಮಗಳು ಬಂದು ನನ್ನ ಕೈಗೆ ಆ ಹಳೆಯ ಸತ್ತ ಕಾರ್ಡನ್ನು ಕೊಟ್ಟಳು. ನಿಮಗೇ ಕೊಡಬೇಕೆಂದು ಅಬ್ಬಾ ಹೇಳಿದ್ದರು ಎಂದಳು. ಅದನ್ನು ನೋಡಿ ತಡೆಯಲಾರದೆ ಎರಡನೆಯ ಸಲದ ಸುಳ್ಳನ್ನು ನಾನು ಅವಳ ಮುಂದೆ ಹೇಳಿಬಿಟ್ಟೆ.

"ಅಬ್ಬಾಗ ಗೊತ್ತಿತ್ತಣ್ಣಾ," ಎಂದಳು ಅವಳು. "ನಿಮ್ಮ ಕಡೆ ಬರೂಕಿಂತ ಮೊದಲ ನಾನ ಹುಬ್ಬಳ್ಳಿಗೆ ಕರಕೊಂಡ ಹೋಗಿದ್ದೆ. ಕಣ್ಣಿನ ಹಿಂದಿನ ಪರದಿ ಸವದೈತಿ, ಇದಕ್ಕ ಆಪರೇಶನ್ ಇಲ್ಲ ಅಂದ್ರು ಡಾಕ್ಟರು. ನೆಟ್ಟಗ ನೋಡಿದ ಕಡೆ ಶಾಯಿ ಚೆಲ್ಲಿದಂಗ ಒಂದ ಕರೇ ಕಲಿ, ಅಷ್ಟ ಕಾಣ್ತಿತ್ತು ಅವ್ರಿಗೆ. ಬಸ್ಸಿನಾಗ ಬರಬೇಕಾದ್ರ, ಸಣ್ಣ ಮಾಲಕರು ಏನಂತಾರ ನೋಡೂಣು ಅಂದಿದ್ರು."

ನಾನು ಕೈಯಲ್ಲಿದ್ದ ಕಾರ್ಡನ್ನು ಮಗುಚಿ ನೋಡಿದೆ.

"ಅವತ್ತ ಮನಿಗೆ ಬಂದು ಭಾಳ ನಕ್ಕರು. 'ನನಗ ಕಾಣ್ತಿದ್ದದ್ದು ಕರೇ ಕಲಿ, ಸಣ್ಣ ಮಾಲಕರು ಹಸರು ಗೆರಿ ಅಂದ್ರು. ದೂರಿಂದನ ಗೊತ್ತಾಗ್ತಿತ್ತು, ಗ್ವಾಡಿಗೆ ಸುಣ್ಣಾ ಬಳದಂಗ. ಇಷ್ಟ ವರ್ಷ ನನ್ನ ಸಂಗಾಟ ಇದ್ರೂ ಟಚಿಂಗ್ ಬರಲೇ ಇಲ್ಲ ಪಾಪ ಅವ್ರಿಗೆ,' ಅಂದ್ರು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಉಣ್ಣಾಕ ಕುಂತಾಗ ಮತ್ತ ಅದನ್ನ ನೆನಸಿದ್ರು. 'ಅವ್ರದೇನು ತಪ್ಪಿಲ್ಲವಾ, ಕಲಿಸಾಂವ ನಾನ ಸರಿ ಕಲಿಸಲಿಲ್ಲ,' ಅಂದ್ರು."

ಚಾಚಾ ತಪ್ಪು ತಮ್ಮದೆಂದು ನಂಬಿದ್ದು ಜೀವಮಾನದಲ್ಲಿ ಒಂದೇ ಸಲ ಎಂದು ಮೊದಲಿಗೆ ಬರೆದಿದ್ದೇನೆ. ದಯವಿಟ್ಟು ಎರಡು ಸಲ ಎಂದು ಓದಿಕೊಳ್ಳಿ.